ಅವ್ವ ಹೋಗದ ಕೆಲಸಕ್ಕೆ ಅವ್ವನ ಹೆಸರಲ್ಲಿ ಹಾಜರಿ. ದೂರು ಕೊಟ್ಟರೆ ಅವಳಿಗೇ ತೊಂದರೆ ಆಗುತ್ತಾ?

ರೊಟ್ಟಿಬುತ್ತಿ (ಆಗಸ್ಟ್ 2025)

ನಮ್ಮದು ಹಾವೇರಿ ಕಡೆ ಒಂದು ಸಣ್ಣ ಊರು. ನಾನು ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡುತ್ತೇನೆ. ಊರಲ್ಲಿ ಅವ್ವ ಒಬ್ಬಳೇ. ಮೊಣಕಾಲು ನೋವು, ಕೂಲಿಗೆ ಹೋಗುವುದು ಬಿಟ್ಟು ಬಹಳ ದಿನ ಆಯಿತು.

ಕಳೆದ ತಿಂಗಳು ಅವಳ ಖಾತೆಗೆ 4,440 ರೂಪಾಯಿ ಬಂದಿದೆ. ಪಕ್ಕದ ಮನೆ ಹುಡುಗ ಬ್ಯಾಂಕಿನ ಮೆಸೇಜನ್ನು ನನಗೆ ಕಳಿಸಿದ. ಗೃಹಲಕ್ಷ್ಮಿ ದುಡ್ಡು ಅಲ್ಲ, ಅದು 2,000 ಬರುತ್ತೆ. ನರೇಗಾ ವೆಬ್‌ಸೈಟ್ ತೆಗೆದು ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಅಂತ ಒಂದೊಂದೇ ಒತ್ತುತ್ತಾ ಹೋದೆ. ಸಿಕ್ಕಿತು. ನಾಲಾ ಹೂಳೆತ್ತುವ ಕಾಮಗಾರಿ, ಅವ್ವನ ಹೆಸರಿಗೆ 12 ದಿನ ಹಾಜರಿ, ದಿನಕ್ಕೆ 370.

ಅವ್ವನಿಗೆ ಫೋನ್ ಮಾಡಿ ಕೇಳಿದೆ. "ಹೌದಪಾ, ಮೆಂಬರ್ ಕಡಿ ಹುಡುಗ ಬಂದಿದ್ದ. ಹೆಬ್ಬೆಟ್ಟು ಒತ್ತೋ ಮಿಷಿನ್ ಅವನ ತಂದಿದ್ದ. ಮುನ್ನೂರು ನೀ ಇಟ್ಕೋ ಬೇ ಅಂದ, ಉಳಿದದ್ದು ಒಯ್ದ" ಅಂದಳು. ಜಾಬ್ ಕಾರ್ಡ್ ಎಲ್ಲಿ ಅಂದರೆ ಅದೂ ಅವರ ಹತ್ತಿರವೇ ಇದೆ. ರಿನೀವಲ್ ಮಾಡಿಸ್ತೀವಿ ಅಂತ ತಗೊಂಡು ಹೋದವರು ವಾಪಸ್ ಕೊಟ್ಟಿಲ್ಲ.

ನನಗೆ ಸಿಟ್ಟು ಬಂದಿದೆ. ಆದರೆ ದೂರು ಕೊಟ್ಟರೆ "ನಿಮ್ಮವ್ವನೂ ಮುನ್ನೂರು ತಗೊಂಡಿದಾಳೆ" ಅಂತ ಅವಳ ಮೇಲೇ ಕೇಸು ಹಾಕಿದರೆ? ರೇಷನ್ ಕಾರ್ಡ್ ತೆಗೆಸಿದರೆ? ಅವಳು ಆ ಊರಲ್ಲೇ ಇರಬೇಕಲ್ಲ. ತಿಳಿದವರು ಹೇಳಿ.

ಕಟ್ಟೆಪುರಾಣ

ಬ್ರೋ, ಸುಮ್ನೆ ಬಿಡಿ. ಇದೇ ವರ್ಷ ಯಾದಗಿರಿ ಜಿಲ್ಲೆಯ ಮಲ್ಹಾರ ಗ್ರಾಮದಲ್ಲಿ ಗಂಡಸರು ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಹಾಜರಿ ಫೋಟೊಗೆ ನಿಂತಿದ್ದು ದೇಶಕ್ಕೆಲ್ಲ ಸುದ್ದಿ ಆಯ್ತು. ನಾಲ್ಕು ದಿನ ನಕ್ಕರು, ಮುಗೀತು. ಬೇಲಿಯೇ ಹೊಲ ಮೇಯುವಾಗ ಯಾರಿಗೆ ಅಂತ ದೂರು ಕೊಡ್ತೀರಿ?

ಟೇಪು ಹಿಡಿದವಳು

ತಮ್ಮಾ, ಮೊದಲು ಅವ್ವನ ವಿಷಯ. ಉಳಿದದ್ದು ಆಮೇಲೆ.

ನಾನು ಸಾಮಾಜಿಕ ಪರಿಶೋಧನೆಯಲ್ಲಿ, ಅಂದರೆ ನರೇಗಾ ಲೆಕ್ಕವನ್ನು ಊರವರ ಮುಂದೆಯೇ ತಾಳೆ ನೋಡುವ ಕೆಲಸದಲ್ಲಿ, ಗ್ರಾಮ ಸಂಪನ್ಮೂಲ ವ್ಯಕ್ತಿಯಾಗಿದ್ದವಳು. ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ) ಪ್ರತಿ ಮತ್ತು ಅಳತೆ ಟೇಪು ಹಿಡಿದು ಹೊಲ ಹೊಲ ತಿರುಗಿದ್ದೇನೆ. ನಿಮ್ಮ ಅವ್ವನಂಥವರನ್ನು ನೋಡದ ಪಂಚಾಯಿತಿ ಇಲ್ಲ. ಎಲ್ಲರ ಬಾಯಲ್ಲೂ ಇದೇ ಹೆದರಿಕೆ. ಈ ಹೆದರಿಕೆಯ ಮೇಲೇ ದಂಧೆ ನಿಂತಿದೆ. ಮುನ್ನೂರು ಕೊಡುವುದು ದಯೆಯಿಂದಲ್ಲ, ಬಾಯಿ ಮುಚ್ಚಿಸಲಿಕ್ಕೆ.

ರೇಷನ್ ಕಾರ್ಡ್ ಇರುವುದು ಆಹಾರ ಇಲಾಖೆಯ ಕೈಯಲ್ಲಿ. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ನರೇಗಾ ದೂರು ಕೊಟ್ಟವರ ರೇಷನ್ ಕಾರ್ಡ್ ತೆಗೆಸುವ ಅಧಿಕಾರ ಯಾವ ಮೆಂಬರಿಗೂ ಇಲ್ಲ. ಇದನ್ನು ಅವ್ವನಿಗೆ ಎರಡು ಸಲ ಹೇಳಿ, ಒಂದು ಸಲಕ್ಕೆ ಅವರು ನಂಬುವುದಿಲ್ಲ.

ಮುನ್ನೂರು ರೂಪಾಯಿ ಬಗ್ಗೆ: ಮುಚ್ಚಿಡಬೇಡಿ. "ನಾನು ಈ ಕೆಲಸಕ್ಕೆ ಹೋಗಿಲ್ಲ. ಜಾಬ್ ಕಾರ್ಡ್ ನನ್ನ ಬಳಿ ಇಲ್ಲ. ಇಂಥ ದಿನ ಹಣ ತೆಗೆಸಿಕೊಂಡು ಹೋದರು, 300 ನನಗೆ ಕೊಟ್ಟರು, ಅದನ್ನು ಮರಳಿಸಲು ಸಿದ್ಧ" ಅಂತ ಅವ್ವನ ಹೆಸರಲ್ಲೇ ಬರೆದು ತಾಲ್ಲೂಕು ಪಂಚಾಯಿತಿ ಇಒಗೆ (ಕಾರ್ಯನಿರ್ವಾಹಕ ಅಧಿಕಾರಿ) ಕೊಡಿ. ತಾನಾಗಿ ಬರೆದುಕೊಟ್ಟವರಿಗೂ ತನಿಖೆಯಲ್ಲಿ ಸಿಕ್ಕಿಬಿದ್ದವರಿಗೂ ಬಹಳ ವ್ಯತ್ಯಾಸ ಇದೆ. ನರೇಗಾಕ್ಕೆ ಇಒ ಅವರೇ ಕಾರ್ಯಕ್ರಮ ಅಧಿಕಾರಿ. ಕಾಯ್ದೆಯ 23ನೇ ಕಲಂ ಪ್ರಕಾರ ದೂರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು 7 ದಿನದೊಳಗೆ ಇತ್ಯರ್ಥ ಮಾಡಬೇಕು. ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಮಾಡದಿದ್ದರೆ ಜಿಲ್ಲೆಯ ನರೇಗಾ ಒಂಬುಡ್ಸ್‌ಮನ್ (ದೂರು ವಿಚಾರಿಸುವವರು) ಹತ್ತಿರ ಹೋಗಲು ದೂರು ಕೊಟ್ಟಾಗ ಪಡೆದ ಸ್ವೀಕೃತಿ ಚೀಟಿ ಬೇಕು.

ಜಾಬ್ ಕಾರ್ಡ್ ಮನೆಯವರ ಬಳಿಯೇ ಇರಬೇಕು. ಪಂಚಾಯಿತಿಯವರು ಸಕಾರಣ ಇಲ್ಲದೆ ಇಟ್ಟುಕೊಂಡರೆ ಅದು 25ನೇ ಕಲಂ ಕೆಳಗೆ ತಪ್ಪು. ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 1,000 ರೂಪಾಯಿ. 2005ರಲ್ಲಿ ಬರೆದದ್ದು, ಹಾಗೇ ಇದೆ. ನಿಮ್ಮ ಅವ್ವನ ಒಂದು ಎನ್‌ಎಂಆರಿನಲ್ಲೇ ಅದರ ನಾಲ್ಕು ಪಟ್ಟು ಹೊಡೆದಿದ್ದಾರೆ.

ಈಗ ದಾಖಲೆ. ವೆಬ್‌ಸೈಟಿನಲ್ಲಿ ನೀವು ನೋಡಿದ್ದು ಹಾಜರಿ ಮಾತ್ರ. ಅದೇ ಕಾಮಗಾರಿಯ ಎನ್‌ಎಂಎಂಎಸ್ (ಹಾಜರಿ ಹಾಕುವ ಮೊಬೈಲ್ ಆ್ಯಪ್) ಫೋಟೊಗಳನ್ನೂ ತೆಗೆದು ನೋಡಿ. 2023ರ ಜನವರಿಯಿಂದ ಇಂಥ ಕಾಮಗಾರಿಗಳಿಗೆಲ್ಲ ದಿನಕ್ಕೆ ಎರಡು ಫೋಟೊ ಕಡ್ಡಾಯ. ಜನರ ಮುಖ ನೋಡುತ್ತಾ ಕೂರಬೇಡಿ, ನೆರಳು ನೋಡಿ. ನಾನು ಒಂದು ಕಾಮಗಾರಿಯಲ್ಲಿ ಬೆಳಗಿನದು, ಮಧ್ಯಾಹ್ನದ್ದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಎರಡರಲ್ಲೂ ನೆರಳು ಒಂದೇ ಕಡೆ, ಒಂದೇ ಉದ್ದ. ಬಲಗಡೆ ನಿಂತ ಹೆಂಗಸಿನ ಬುಟ್ಟಿ ಕೂಡ ಅದೇ ಓರೆಯಲ್ಲಿ. ಇನ್ನೊಂದರಲ್ಲಿ ಹೊಲದ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು! ಮೊಬೈಲಿನಲ್ಲಿದ್ದ ಹಳೇ ಫೋಟೊಗೆ ಆಫೀಸಿನಲ್ಲಿ ಕೂತು ಫೋಟೊ ಹೊಡೆದಿದ್ದರು.

ಇದು ಕೇಂದ್ರಕ್ಕೂ ಗೊತ್ತು. ಕಳೆದ ಜುಲೈ 8ರಂದು ಗ್ರಾಮೀಣಾಭಿವೃದ್ಧಿ ಸಚಿವಾಲಯ ಹೊರಡಿಸಿದ ಸುತ್ತೋಲೆಯಲ್ಲಿ ಇವೆಲ್ಲ ಇವೆ. ಫೋಟೊದ ಫೋಟೊ, ಸಂಬಂಧವೇ ಇಲ್ಲದ ಫೋಟೊ, ಲೆಕ್ಕದಲ್ಲಿ ಹೆಂಗಸರು ಫೋಟೊದಲ್ಲಿ ಗಂಡಸರು. ಅದಕ್ಕೆ ಪರಿಹಾರ ಏನಂತೆ? ಎಲ್ಲ ಫೋಟೊಗಳನ್ನೂ ಪಂಚಾಯಿತಿ ಮಟ್ಟದಲ್ಲಿ ಪರಿಶೀಲಿಸಬೇಕಂತೆ. ಅಂದರೆ ಫೋಟೊ ಹಾಕಿದವರ ಕೈಗೇ ಮತ್ತೆ ಕೊಟ್ಟಂತಾಯಿತು. ನನಗಂತೂ ನಗು ಬಂತು.

ದಿಲ್ಲಿಯಲ್ಲಿ ಕೂತವರಿಗೆ ನಿಮ್ಮ ಅವ್ವನ ಮೊಣಕಾಲು ಗೊತ್ತಿಲ್ಲ. ಓಣಿಯವರಿಗೆ ಗೊತ್ತು. ಕಾಯ್ದೆಯ 17ನೇ ಕಲಂ ಗ್ರಾಮಸಭೆಗೇ ಪರಿಶೋಧನೆ ಮಾಡುವ ಹಕ್ಕು ಕೊಟ್ಟಿರುವುದು ಇದೇ ಕಾರಣಕ್ಕೆ. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾಣಾದಲ್ಲಿ 1994ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮೊದಲ ಜನಸುನವಾಯಿ (ಸಾರ್ವಜನಿಕ ವಿಚಾರಣೆ) ನಡೆಸಿದಾಗ ಮಾಡಿದ್ದೂ ಅಷ್ಟೇ: ಬಿಲ್ಲು, ಹಾಜರಿ ಪಟ್ಟಿಗಳನ್ನು ಊರವರ ಮುಂದೆ ಜೋರಾಗಿ ಓದಿದರು. ಮಾಹಿತಿ ಹಕ್ಕು ಕಾಯ್ದೆಗೆ ದಾರಿಯಾಗಿದ್ದು ಆ ಹೋರಾಟ. ನಮ್ಮ ಸಭೆಗಳಲ್ಲೂ ನೋಡಿದ್ದೇನೆ. ವರದಿಯಲ್ಲಿ "ಆಕ್ಷೇಪಣಾ ಮೊತ್ತ" ಅಂತ ಓದಿದರೆ ಜನ ಆಕಳಿಸುತ್ತಾರೆ. ಹೆಸರು ಓದಲು ಶುರು ಮಾಡಿ. "ಏ, ಆಕಿ ಆವಾಗ ಬಾಣಂತನಕ್ಕ ತವರಿಗೆ ಹೋಗಿದ್ಲಲ್ಲ!" ಅಂತ ಹಿಂದಿನಿಂದ ಒಬ್ಬಳು ಕೂಗುತ್ತಾಳೆ. ಅಲ್ಲಿಂದ ಸಭೆ ಬೇರೆಯೇ ಆಗುತ್ತದೆ.

ಆಮೇಲೆ ಏನಾಗುತ್ತದೆ ಅನ್ನುವುದೂ ಗೊತ್ತಿರಲಿ. 2017-18ರಿಂದ 2020-21ರವರೆಗೆ ನಾಲ್ಕು ವರ್ಷದಲ್ಲಿ ದೇಶಾದ್ಯಂತ ಸಾಮಾಜಿಕ ಪರಿಶೋಧನೆಗಳು ಪತ್ತೆ ಹಚ್ಚಿದ ದುರುಪಯೋಗ ಸುಮಾರು 935 ಕೋಟಿ. ವಸೂಲಾಗಿದ್ದು 12.5 ಕೋಟಿ ಆಸುಪಾಸು. ಶೇ 1.34. ಪತ್ತೆ ಮಾಡುವುದು ನಮ್ಮ ಕೆಲಸ, ವಸೂಲಿ ಮಾಡುವುದು ಅದೇ ಇಲಾಖೆಯ ಕೆಲಸ. ಇಲ್ಲೇ ಎಲ್ಲ ನಿಂತು ಹೋಗುವುದು.

ಒಂದು ಮಾತು ಮರೆತೆ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಗಳಲ್ಲಿ ಜಮಾಬಂದಿ, ಅಂದರೆ ಊರವರ ಮುಂದೆ ಲೆಕ್ಕ ಪರಿಶೀಲಿಸುವ ಸಭೆ, ನಡೆಯಬೇಕು. ನಿಮ್ಮ ಊರಿನದು ಯಾವತ್ತು ಅಂತ ಕೇಳಿ. ಅಲ್ಲಿ ನೋಡುವುದು ಹಿಂದಿನ ಆರ್ಥಿಕ ವರ್ಷದ ಲೆಕ್ಕ, ಅವ್ವನ 370ರ ಕೂಲಿ ಈ ವರ್ಷದ್ದು. ಆದರೆ ಕಾರ್ಡು ಒಂದು ಸಲ ಕೈಬಿಟ್ಟು ಹೋಗಿದೆ ಅಂದಮೇಲೆ ಹಿಂದಿನ ವರ್ಷವನ್ನೂ ತೆಗೆದು ನೋಡಿ.

ಹೆಸರು ಬೇಡ

ನಾನು ಪಿಡಿಒ. ಎರಡು ಪಂಚಾಯಿತಿ ಚಾರ್ಜು. ಅಕ್ಕ ಹೇಳಿದ್ದು ಸುಳ್ಳಲ್ಲ, ಆದರೆ ಒಳಗಿನ ಕಥೆ ಸ್ವಲ್ಪ ಕೇಳಿ.

ನರೇಗಾದಲ್ಲಿ ಸಾಮಗ್ರಿ ಖರ್ಚು ಶೇ 40 ದಾಟಬಾರದು. ಊರವರಿಗೆ ಬೇಕಿರುವುದು ಸಿಸಿ ರಸ್ತೆ, ಚರಂಡಿ. ಅದರಲ್ಲಿ ಸಿಮೆಂಟು, ಜಲ್ಲಿಯೇ ಜಾಸ್ತಿ. ಅದನ್ನು ಸರಿದೂಗಿಸಲು ಬೇರೆ ಕಡೆ ಕೂಲಿ ದಿನಗಳು ಬೇಕು. ಸುಗ್ಗಿಯಲ್ಲಿ ನಾಲಾ ಅಗೆಯಲು ಜನ ಬರಲ್ಲ, ಹೊಲದಲ್ಲಿ ಅಷ್ಟೇ ಕೂಲಿ, ಮೇಲೆ ಊಟ. ಆಗ ರಾತ್ರಿ ಜೆಸಿಬಿ ಬರುತ್ತೆ, ಬೆಳಿಗ್ಗೆ ಹೆಸರುಗಳು ಬರುತ್ತವೆ. ಜೆಸಿಬಿ ಬಾಡಿಗೆಗೆ ರಸೀದಿ ತೋರಿಸುವಂತಿಲ್ಲವಲ್ಲ, ಯಂತ್ರವೇ ನಿಷೇಧ. ಆ 4,140 ಹೋಗಿದ್ದು ಎಲ್ಲಿಗೆ ಅಂತೀರಿ? ಒಂದು ಪಾಲು ಅದಕ್ಕೆ.

ಪಾವತಿಗೆ ಇಬ್ಬರ ಡೊಂಗಲ್ (ಡಿಜಿಟಲ್ ಸಹಿಯ ಸಾಧನ) ಬೇಕು. ಎಷ್ಟೋ ಕಡೆ ಅಧ್ಯಕ್ಷರ ಡೊಂಗಲ್ ಇರುವುದು ಅಧ್ಯಕ್ಷರ ಗಂಡನ ಜೇಬಿನಲ್ಲಿ. ನಾವು ಬೇಡ ಅಂದರೆ ಮರುವಾರ ವರ್ಗಾವಣೆ ಪತ್ರ.

ಟೇಪು ಹಿಡಿದವಳು

ಪಿಡಿಒ ಸಾಹೇಬರೇ, ಇಷ್ಟು ನೇರವಾಗಿ ಬರೆದವರು ಕಡಿಮೆ. ನೀವು ಹೇಳಿದ 60:40 ಆಟ ಎಲ್ಲ ಕಡೆ ಇದೆ, ಒಪ್ಪುತ್ತೇನೆ. ಆದರೆ ಒಂದು ಕೇಳಲಾ? ಚರಂಡಿಗಾಗಿ ಮಾಡಿದ್ದು ಅಂದರೆ ಚರಂಡಿಯಾದರೂ ಇರಬೇಕಲ್ಲ? ನಾನು ಅಳೆಯಲು ಹೋದ ಕಡೆ ಅಳತೆ ಪುಸ್ತಕದಲ್ಲಿದ್ದ ಉದ್ದಕ್ಕೆ ಟೇಪು ಹಿಡಿದರೆ ಅರ್ಧಕ್ಕೇ ಚರಂಡಿ ಮುಗಿದು ಜಾಲಿ ಗಿಡ ಶುರುವಾಗುತ್ತಿತ್ತು. ಮತ್ತೆ, ಸಿಕ್ಕಿಬಿದ್ದಾಗ ವಸೂಲಿ ನೋಟಿಸು ಯಾರಿಗೆ ಬರುತ್ತದೆ? ನಿಮಗೆ, ಡಾಟಾ ಎಂಟ್ರಿ ಹುಡುಗನಿಗೆ, ಕೆಲಸ ಅಳೆಯುವ ತಾಂತ್ರಿಕ ಸಹಾಯಕನಿಗೆ. ಡೊಂಗಲ್ ಜೇಬಿನಲ್ಲಿ ಇಟ್ಟುಕೊಂಡವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಒತ್ತಡ ಬಂದಾಗ ಕಡತದಲ್ಲಿ ಒಂದು ಸಾಲು ಬರೆದಿಡಿ. ನಿಮ್ಮನ್ನು ಕಾಯುವುದು ಅದೊಂದೇ.

ಕಾಯಕಬಂಧು ಗದಗ

ಅಕ್ಕಾರ, ನಾನು ನಿಜವಾಗಿ ಕೆಲಸ ಮಾಡಿಸುವ ಕಾಯಕಬಂಧು, ಅಂದರೆ ಕೂಲಿ ಗುಂಪಿನ ಮೇಟಿ. ನಮ್ಮ ಗುಂಪಿನ ಹೆಂಗಸರು ಬಿಸಿಲಲ್ಲಿ ಮಣ್ಣು ಹೊತ್ತು, ಎರಡನೇ ಫೋಟೊ ನೆಟ್‌ವರ್ಕ್ ಸಿಗದೆ ಅಪ್‌ಲೋಡ್ ಆಗಲಿಲ್ಲ ಅಂತ ಕೂಲಿ ಕಳೆದುಕೊಂಡಿದ್ದಾರೆ. ನಾನು ಮೊಬೈಲ್ ಎತ್ತಿ ಹಿಡಿದು ಗುಡ್ಡ ಹತ್ತಿದ್ದೂ ಇದೆ. ಕಳ್ಳ ಹಾಜರಿ ಹಾಕುವವರಿಗೆ ಮಾತ್ರ ಈ ಆ್ಯಪ್ ಯಾವತ್ತೂ ಕೈಕೊಡುವುದಿಲ್ಲ, ಅವರು ವೈಫೈ ಇರುವಲ್ಲೇ ಕೂತಿರುತ್ತಾರೆ.

ದೂರು ಕೊಡಿ, ಬೇಡ ಅನ್ನಲ್ಲ. "ನರೇಗಾನೇ ಮೋಸ, ನಿಲ್ಲಿಸಿ" ಅಂತ ಮಾತ್ರ ಬರೆಯಬೇಡಿ. ಪಶ್ಚಿಮ ಬಂಗಾಳದಲ್ಲಿ ಅಕ್ರಮ ಆಗಿದೆ ಅಂತ 2022ರ ಮಾರ್ಚಿನಲ್ಲಿ ಕೇಂದ್ರ ದುಡ್ಡು ನಿಲ್ಲಿಸಿತು. ಈ ಜೂನಿನಲ್ಲಿ ಕಲ್ಕತ್ತಾ ಹೈಕೋರ್ಟು ಆಗಸ್ಟ್ 1ರಿಂದ ಮತ್ತೆ ಶುರು ಮಾಡಿ ಅನ್ನಬೇಕಾಯಿತು. ಮೂರು ವರ್ಷ ಕೆಲಸ ಇಲ್ಲದೆ ಕೂತವರು ಕೂಲಿಯವರು, ಕದ್ದವರಲ್ಲ.

ಕಟ್ಟೆಪುರಾಣ

ಇದು ಸರಿಯಾದ ಮಾತು. ನಾನು ಆಗಲೇ ಸುಮ್ನೆ ಬಿಡಿ ಅಂದಿದ್ದು ಬೇಸರಕ್ಕೆ. ಜಮಾಬಂದಿಗೆ ಹೋಗ್ತೀರಾದರೆ ಒಬ್ಬರೇ ಹೋಗಬೇಡಿ, ಊರಿನ ನಾಲ್ಕು ಹುಡುಗರನ್ನು ಕರ್ಕೊಂಡು ಹೋಗಿ. ವಿಡಿಯೊ ಮಾಡೋಕೆ ಒಬ್ಬ ಬೇರೆ ಇರಲಿ.

ರೊಟ್ಟಿಬುತ್ತಿ

ಎಲ್ಲರಿಗೂ ಥ್ಯಾಂಕ್ಸ್. ಅಕ್ಕ ಹೇಳಿದಂತೆ ಹಿಂದಿನ ವರ್ಷ ತೆಗೆದು ನೋಡಿದೆ. 2024-25ರಲ್ಲೂ ಅವ್ವನ ಹೆಸರಿಗೆ 24 ದಿನ ಇದೆ, 349ರಂತೆ 8,376. ಬದು ನಿರ್ಮಾಣ ಅಂತ ಇದೆ. ಆಗಲೂ ಅದೇ ಹುಡುಗ ಬಂದು ಕೆವೈಸಿ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದನಂತೆ. ಆ ಸಲ ಮುನ್ನೂರೂ ಇಲ್ಲ. ಇದನ್ನು ಕೇಳಿದ ಮೇಲೆ ಅವ್ವನೇ "ಬರಿ, ನಾ ಸಹಿ ಹಾಕ್ತೀನಿ" ಅಂದಳು.

ಮಾಹಿತಿ ಹಕ್ಕಿನ ಅರ್ಜಿ ಹೀಗೆ ಬರೆದಿದ್ದೇನೆ, ನೋಡಿ ಹೇಳಿ: "ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಕಳೆದ ಐದು ವರ್ಷದಲ್ಲಿ ನಡೆದ ಎಲ್ಲ ನರೇಗಾ ಕಾಮಗಾರಿಗಳ ಸಂಪೂರ್ಣ ಮಾಹಿತಿ, ಆಶ್ರಯ ಮನೆಗಳ ಪಟ್ಟಿ ಹಾಗೂ ಬೀದಿದೀಪದ ಖರ್ಚಿನ ವಿವರ ಒದಗಿಸಬೇಕು."

ಟೇಪು ಹಿಡಿದವಳು

ಇದನ್ನು ಕೊಟ್ಟರೆ ವಾಪಸ್ ಬರುತ್ತದೆ ತಮ್ಮಾ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮನೆ, ಬೀದಿದೀಪ ತೆಗೆದುಬಿಡಿ. ಐದು ವರ್ಷವೂ ಬೇಡ, "ಮಾಹಿತಿ ಅಗಾಧ" ಅಂತ ನೆಪ ಹೇಳುತ್ತಾರೆ.

ಹೀಗೆ ಬರೆಯಿರಿ: ನಾಲಾ ಕಾಮಗಾರಿಯ ಕೋಡ್ ಸಂಖ್ಯೆ ಹಾಕಿ, ಅದರ ಎನ್‌ಎಂಆರ್, ಅಳತೆ ಪುಸ್ತಕದ ಪುಟಗಳು, ಕೆಲಸ ಕೇಳಿ ಕೊಟ್ಟ ನಮೂನೆ 6ರ ಅರ್ಜಿಗಳು, ಇವುಗಳ ದೃಢೀಕೃತ ಪ್ರತಿ ಬೇಕು ಅಂತ. ನಮೂನೆ 6 ಮರೆಯಬೇಡಿ. ಅವ್ವ ಕೆಲಸ ಕೇಳಿಯೇ ಇಲ್ಲ ಅಂದಮೇಲೆ ಆ ಅರ್ಜಿಯಲ್ಲಿ ಸಹಿ ಯಾರದು ಅನ್ನುವುದು ಬೇಕಲ್ಲ. ಬದುವಿನದಕ್ಕೆ ಬೇರೆ ಅರ್ಜಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಕೈಯಲ್ಲಿ ಕೊಡಲು ಹೋಗಬೇಡಿ, "ಸಾಹೇಬರು ಇಲ್ಲ" ಅಂತ ಕೂರಿಸುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ. ಜಮಾಬಂದಿ ದಿನಾಂಕ ಗೊತ್ತಾದರೆ ಇಲ್ಲಿ ಹಾಕಿ, ಆ ಕಡೆ ನಮ್ಮ ಹಳೇ ತಂಡದ ಇಬ್ಬರು ಇದ್ದಾರೆ.