ಗಟ್ಟಿ ಲೂಬ್‌ಗೆ ಸೈಜಿಂಗ್ ಪ್ರೆಸ್ ಕೆಳಗೆ ಹೀಟರ್: ಎಷ್ಟು ವಾಟ್, ಹೇಗೆ ಕಟ್ಟುವುದು?

ಅಚ್ಚುಗಾರ

ಬಂದೂಕಿನ ಎರಕದ ಸೀಸದ ಗುಂಡುಗಳ ಗ್ರೂವ್‌ಗೆ (ಸುತ್ತಲಿನ ಗಾಡಿಗೆ) ಲೂಬ್, ಅಂದರೆ ಜಾರಿಕೆಯ ಮೇಣ, ತುಂಬಿ ಡೈಯಲ್ಲಿ (ಅಳತೆಯ ಅಚ್ಚಿನಲ್ಲಿ) ಅಳತೆಗೆ ತರಲು ಲೈಮನ್ 450 ಪ್ರೆಸ್ ಬಳಸುತ್ತಿದ್ದೇನೆ. ಜೇನುಮೇಣ ಮತ್ತು ಅಲಾಕ್ಸ್ (ಪೆಟ್ರೋಲಿಯಂ ಮೂಲದ ಜಾರಕ) ಸಮಪಾಲಿನ ಮೆದು ಲೂಬ್ ಸಲೀಸಾಗಿ ಹರಿಯುತ್ತದೆ. ಕಾರ್ನಾಬಾ ಮೇಣ ಬೆರೆತ ಗಟ್ಟಿ ಲೂಬ್ ಹಾಕಿದರೆ ಲೂಬ್ ತಳ್ಳುವ ಒತ್ತಡದ ಸ್ಕ್ರೂ ಎಷ್ಟು ಬಿಗಿದರೂ ಗ್ರೂವ್ ಅರ್ಧವೇ ತುಂಬುತ್ತದೆ. ಪ್ರೆಸ್ ಕೆಳಗೆ ಬಿಸಿ ತಟ್ಟೆ ಕೂರಿಸಬೇಕೆಂದಿದ್ದೇನೆ. ಹಳೆಯ ಇಸ್ತ್ರಿಪೆಟ್ಟಿಗೆಯ ತಳ ಇದೆ, ಅದು ಆಗುತ್ತದೆಯೇ? ತಟ್ಟೆ ಎಷ್ಟು ದಪ್ಪ ಬೇಕು, ಎಷ್ಟು ಡಿಗ್ರಿಗೆ ನಿಲ್ಲಿಸಬೇಕು?

ಬೀಡು ಕಬ್ಬಿಣ

ಇಸ್ತ್ರಿಪೆಟ್ಟಿಗೆ ಬೇಡ. ಅದರ ಎಲಿಮೆಂಟ್ 750 ವಾಟ್ ಅಥವಾ ಅದಕ್ಕೂ ಹೆಚ್ಚು, ನಿಮಗೆ ಬೇಕಿರುವುದು 40. ಥರ್ಮೋಸ್ಟಾಟ್ ಕಡಿತಗೊಳಿಸುವ ಹೊತ್ತಿಗೆ ತಟ್ಟೆಯೊಳಗೆ ಬೇಕಾದ್ದಕ್ಕಿಂತ ಹೆಚ್ಚು ಶಾಖ ಸೇರಿರುತ್ತದೆ, ಅದು ನಿಧಾನವಾಗಿ ಪ್ರೆಸ್‌ಗೆ ಏರಿ ಲೂಬ್ ನೀರಾಗುತ್ತದೆ.

ಲೆಕ್ಕ ಹೀಗಿದೆ. ಪ್ರೆಸ್‌ನ ಬೀಡು 3 ಕಿಲೋ ಎಂದುಕೊಳ್ಳಿ. 25 ಡಿಗ್ರಿ ಏರಿಸಲು ಸುಮಾರು 35 ಕಿಲೋಜೌಲ್ ಬೇಕು. 150×100×12 ಮಿಮೀ ಅಲ್ಯೂಮಿನಿಯಂ ತಟ್ಟೆ ಅರ್ಧ ಕಿಲೋಗೆ ಒಂಚೂರು ಕಡಿಮೆ, ಅದಕ್ಕೆ ಇನ್ನು 11. ಒಟ್ಟು 46 ಕಿಲೋಜೌಲ್. 40 ವಾಟ್ ಹೀಟರ್ ಇದನ್ನು ಸುಮಾರು 20 ನಿಮಿಷದಲ್ಲಿ ಕೊಡುತ್ತದೆ. ಗಾಳಿಗೆ, ಮೇಜಿಗೆ ಹೋಗುವ ಶಾಖ ಸೇರಿಸಿದರೆ ಅರ್ಧ ಗಂಟೆಯಿಂದ 40 ನಿಮಿಷ. ಕಾಯುವುದು ಬೇಸರವೆನಿಸಿದರೂ ಈ ನಿಧಾನವೇ ಒಳ್ಳೆಯದು, ಏಕೆಂದರೆ ತಟ್ಟೆಗೂ ಲೂಬ್ ಇರುವ ಕೊಳವೆಗೂ ನಡುವಿನ ಬಿಸಿಯ ಅಂತರ ಚಿಕ್ಕದಾಗಿರುತ್ತದೆ.

ತಟ್ಟೆಗೆ 12 ಮಿಮೀ ಅಲ್ಯೂಮಿನಿಯಂ ಸಾಕು. ಉದ್ದ ಬದಿಯ ನಡುವೆ, ದಪ್ಪದ ಮಧ್ಯಕ್ಕೆ ಸರಿಯಾಗಿ ತೂತು ಕೊರೆಯಿರಿ. ಥ್ರೀಡಿ ಪ್ರಿಂಟರ್‌ಗೆ ಬರುವ ಕಾರ್ಟ್ರಿಜ್ ಹೀಟರ್ 6 ಮಿಮೀ ವ್ಯಾಸ, 20 ಮಿಮೀ ಉದ್ದ ಇರುತ್ತದೆ. ಮೊದಲು 5.8ರಲ್ಲಿ ಕೊರೆದು 6 ಮಿಮೀ ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಹಾಕಿ. ನೇರವಾಗಿ 6ರಲ್ಲಿ ಕೊರೆದರೆ ತೂತು ಸಡಿಲವಾಗುತ್ತದೆ. ಸುತ್ತ ಗಾಳಿ ಉಳಿದರೆ ಹೀಟರ್‌ನ ಶಾಖ ತಟ್ಟೆಗೆ ಇಳಿಯದೆ ಅದೇ ಕೆಂಪಾಗಿ ಸುಟ್ಟುಹೋಗುತ್ತದೆ. ಹೊರಗೆ ಬಾರದಂತೆ ಎಂ3 ಗ್ರಬ್ ಸ್ಕ್ರೂ (ತಲೆಯಿಲ್ಲದ ಸ್ಕ್ರೂ) ಒಂದು ಸಾಕು, ಜೋರಾಗಿ ಬಿಗಿದರೆ ಕವಚ ಜಜ್ಜಿ ಒಳಗಿನ ತಂತಿ ತಗುಲುತ್ತದೆ.

ಪ್ರೆಸ್‌ನ ಬೋಲ್ಟ್‌ಗಳು ತಟ್ಟೆಯನ್ನು ದಾಟಿ ಮೇಜಿಗೇ ಹೋಗಲಿ. ಹಿಡಿಕೆ ಎಳೆಯುವ ಬಲವನ್ನು ತಟ್ಟೆಯಲ್ಲಿ ಟ್ಯಾಪ್ ಹೊಡೆದ (ತಿರುಪಿನ ಗೆರೆಯ) ತೂತುಗಳ ಮೇಲೆ ಬಿಡಬೇಡಿ. ತಟ್ಟೆಗೂ ಮೇಜಿಗೂ ನಡುವೆ 6 ಮಿಮೀ ಬೇಕಲೈಟ್ ಹಾಳೆ ಇರಲಿ. ಕಾರ್ಕ್ ಶಾಖವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಒತ್ತಡಕ್ಕೆ ಕುಗ್ಗಿ ಬೋಲ್ಟ್ ಸಡಿಲಾಗುತ್ತದೆ. ಆಮೇಲೆ ಪ್ರತಿ ಗುಂಡಿಗೂ ಪ್ರೆಸ್ ಓಲಾಡುತ್ತದೆ.

ತಾಮ್ರತಂತಿ

ಮೇಲಿನದಕ್ಕೆ ವೈರಿಂಗ್ ಸೇರಿಸುತ್ತೇನೆ. ಗೋಡೆಯ ಕರೆಂಟನ್ನು ತಟ್ಟೆಯ ಹತ್ತಿರವೂ ತರಬೇಡಿ. 12 ವೋಲ್ಟ್, 5 ಆಂಪ್ ಅಡಾಪ್ಟರ್ ಸಾಕು. 40 ವಾಟ್ ಹೀಟರ್ 3.3 ಆಂಪ್ ಎಳೆಯುತ್ತದೆ, ಅಡಾಪ್ಟರ್‌ನಿಂದ ಹೊರಟ ಕೂಡಲೇ 5 ಆಂಪ್ ಫ್ಯೂಸ್ ಹಾಕಿ. ಹೀಟರನ್ನು ಜೋಡಿಸುವ ಮುನ್ನ ಮಲ್ಟಿಮೀಟರ್‌ನಲ್ಲಿ ಅಳೆಯಿರಿ: 12 ವೋಲ್ಟ್‌ನದು 3.6 ಓಮ್ ಆಸುಪಾಸು, 24 ವೋಲ್ಟ್‌ನದು 14.4. ನೋಡಲು ಎರಡೂ ಒಂದೇ. 24ರದ್ದನ್ನು 12ಕ್ಕೆ ಕೊಟ್ಟರೆ ಬರುವುದು 10 ವಾಟ್ ಮಾತ್ರ, ಪ್ರೆಸ್ ಸಾಕಷ್ಟು ಬಿಸಿಯಾಗುವುದಿಲ್ಲ. 12ರದ್ದನ್ನು 24ಕ್ಕೆ ಕೊಟ್ಟರೆ 160 ವಾಟ್.

ನಿಯಂತ್ರಣಕ್ಕೆ ಡಬ್ಲ್ಯೂ1209 ಮಾಡ್ಯೂಲ್ (ಸೆನ್ಸರ್ ನೋಡಿ ರಿಲೇ ಆನ್-ಆಫ್ ಮಾಡುವ ಪುಟ್ಟ ಥರ್ಮೋಸ್ಟಾಟ್) ಸಾಕು, ಪಿಐಡಿ (ಇನ್ನೂ ನಿಖರವಾಗಿ ಬಿಸಿ ಹಿಡಿಯುವ ನಿಯಂತ್ರಕ) ಬೇಕಾಗಿಲ್ಲ. ಸೆನ್ಸರನ್ನು ತಟ್ಟೆಯಲ್ಲೇ ತೂತು ಕೊರೆದು ಕೂರಿಸಿ. ಇಷ್ಟು ಭಾರದ ಬೀಡು ಒಂದೆರಡು ಡಿಗ್ರಿಯ ಏರಿಳಿತವನ್ನು ತಾನೇ ನುಂಗಿಕೊಳ್ಳುತ್ತದೆ. ಮಾಡ್ಯೂಲ್‌ನ ಪಿ0 ಸೆಟ್ಟಿಂಗ್ 'ಎಚ್' ಆಗಿದೆಯೇ ಎಂದು ಖಂಡಿತ ನೋಡಿ. 'ಸಿ'ಯಲ್ಲಿದ್ದರೆ ಅದು ತಂಪು ಮಾಡುವ ಕ್ರಮ: ಬಿಸಿ ಮಿತಿ ದಾಟಿದಾಗ ರಿಲೇ ಆನ್ ಆಗುತ್ತದೆ, ನಮಗೆ ಬೇಕಾದ್ದಕ್ಕೆ ತದ್ವಿರುದ್ಧ.

ಇನ್ನೊಂದು ಮಾತು, ಇದನ್ನು ಬಿಡಲೇಬೇಡಿ. ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ, ಅಥವಾ ಸೆನ್ಸರ್ ತೂತಿನಿಂದ ಜಾರಿ ಮೇಜಿನ ಮೇಲೆ ಬಿದ್ದರೆ, ಹೀಟರ್ ಆಫ್ ಆಗುವುದೇ ಇಲ್ಲ. ಬಿದ್ದ ಸೆನ್ಸರ್ ಕೋಣೆಯ ಬಿಸಿಯನ್ನು ತೋರಿಸುತ್ತಿರುತ್ತದೆ, ಮಾಡ್ಯೂಲ್‌ಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಕೆಎಸ್‌ಡಿ301 ಬೈಮೆಟಲ್ ಸ್ವಿಚ್, 70 ಡಿಗ್ರಿಗೆ ತೆರೆದುಕೊಳ್ಳುವಂಥದ್ದು, ತಟ್ಟೆಗೇ ಸ್ಕ್ರೂ ಮಾಡಿ ಹೀಟರ್‌ನ ಒಂದು ತಂತಿಯಲ್ಲಿ ಸರಣಿಯಾಗಿ ಸೇರಿಸಿ. ಕೈಯಿಂದ ಒತ್ತಿ ಮರುಹೊಂದಿಸುವ ಬಗೆಯದ್ದನ್ನೇ ಆರಿಸಿ. ತಾನೇ ಮರಳುವ ಸ್ವಿಚ್ ದೋಷವನ್ನು ಮುಚ್ಚಿಡುತ್ತದೆ.

ಸಣ್ಣ ರೀಮರ್

ಸೆನ್ಸರ್ ಎಲ್ಲಿ ಇಡಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಬೇರೆ. ತಟ್ಟೆಯಲ್ಲಿಟ್ಟರೆ ತಟ್ಟೆಯ ಬಿಸಿ ತಿಳಿಯುತ್ತದೆ, ಲೂಬ್‌ನದ್ದಲ್ಲ. ಡೈ ಕೂರುವ ಎರಕದ ಬದಿಗೆ ಅಲ್ಯೂಮಿನಿಯಂ ಟೇಪ್‌ನಿಂದ ಅಂಟಿಸಿದರೆ ಓದು ನಿಜಕ್ಕೆ ಹತ್ತಿರ.

ತಾಮ್ರತಂತಿ

ಅಲ್ಲಿಟ್ಟರೆ ಬಿಸಿ ತಲುಪುವುದು ತಡ, ಅಷ್ಟರಲ್ಲಿ ತಟ್ಟೆ ಮಿತಿ ಮೀರಿರುತ್ತದೆ. ಅಲ್ಲದೆ ಟೇಪ್‌ಗೆ ಲೂಬ್ ತಾಗಿದರೆ ಕಿತ್ತುಬರುತ್ತದೆ. ಸೆನ್ಸರ್ ತಟ್ಟೆಯಲ್ಲೇ ಇರಲಿ. ಡೈ ಬಳಿ ಬೇರೆ ಥರ್ಮಾಮೀಟರ್ ಇಟ್ಟು ಎರಡರ ವ್ಯತ್ಯಾಸ ಒಮ್ಮೆ ಬರೆದಿಟ್ಟುಕೊಂಡರೆ, ಕೋಣೆ ತೀರಾ ತಣ್ಣಗಾಗದ ಹೊರತು ಅದು ಹೆಚ್ಚು ಬದಲಾಗುವುದಿಲ್ಲ.

ಅಚ್ಚುಗಾರ

ಇಬ್ಬರಿಗೂ ಧನ್ಯವಾದ. 12 ವೋಲ್ಟ್ ದಾರಿಯನ್ನೇ ಹಿಡಿಯುತ್ತೇನೆ, ಸೆನ್ಸರ್ ತಟ್ಟೆಯಲ್ಲೇ ಇಡುತ್ತೇನೆ. ಹಾಗಾದರೆ ಎಷ್ಟು ಡಿಗ್ರಿಯಿಂದ ಶುರು ಮಾಡಲಿ? ಕಾರ್ನಾಬಾ ಕರಗುವುದೇ 80 ದಾಟಿದ ಮೇಲಲ್ಲವೇ?

ಬೀಡು ಕಬ್ಬಿಣ

ಕರಗಿಸುವುದು ಬೇಡ ಸರ್, ಮೆತ್ತಗಾದರೆ ಸಾಕು. ಕಾರ್ನಾಬಾ 82ರಿಂದ 86ರಲ್ಲಿ ಕರಗುವುದು ನಿಜ, ಆದರೆ ಲೂಬ್‌ನಲ್ಲಿ ಅದು ಸ್ವಲ್ಪವೇ ಇರುತ್ತದೆ. ಜೇನುಮೇಣ 62-64ಕ್ಕೇ ಕರಗುತ್ತದೆ. ತಟ್ಟೆಯನ್ನು 40ಕ್ಕೆ ನಿಲ್ಲಿಸಿ, 40 ನಿಮಿಷ ಬಿಟ್ಟು, ಐದಾರು ಗುಂಡು ಹಾಕಿ ನೋಡಿ. ಗ್ರೂವ್ ತುಂಬದಿದ್ದರೆ 3 ಡಿಗ್ರಿ ಏರಿಸಿ ಇನ್ನು 15 ನಿಮಿಷ ಕಾಯಿರಿ. ಟೂತ್‌ಪೇಸ್ಟ್‌ನಂತೆ ಆಕಾರ ಬಿಡದೆ ಹೊರಬಂದರೆ ಅದೇ ಸರಿಯಾದ ಹದ. ಬಹುತೇಕ ಗಟ್ಟಿ ಲೂಬ್‌ಗಳಿಗೆ ತಟ್ಟೆ 45ರಿಂದ 55ರೊಳಗೆ ಹದ ಸಿಗುತ್ತದೆ.

ಬಿಸಿ ಬಂದ ಮೇಲೆ ಒತ್ತಡದ ಸ್ಕ್ರೂ ಅಭ್ಯಾಸವೂ ಬದಲಾಗಬೇಕು. ಹಿಂದಿನಷ್ಟು ಬಿಗಿದರೆ ಲೂಬ್ ಗುಂಡಿನ ಬುಡಕ್ಕೆ ನುಗ್ಗುತ್ತದೆ. ಕಾಲು ಸುತ್ತು ತಿರುಗಿಸಿ, ಗ್ರೂವ್ ಖಾಲಿ ಕಾಣತೊಡಗಿದಾಗ ಇನ್ನೊಂದು ಕಾಲು. ಹಿಡಿಕೆಯನ್ನು ಕೆಳಗೆ ಒಂದು ಕ್ಷಣ ಹಿಡಿದು ನಿಲ್ಲಿಸುವುದು ಒತ್ತಡ ಏರಿಸುವುದಕ್ಕಿಂತ ಒಳ್ಳೆಯ ಉಪಾಯ. ಬುಡಕ್ಕೆ ಲೂಬ್ ಹತ್ತುವುದು ಆಮೇಲೂ ನಿಲ್ಲದಿದ್ದರೆ ಬಿಸಿ ಇಳಿಸುವ ಮುನ್ನ ಗುಂಡು ಡೈಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತಿದೆ ನೋಡಿ. ಗ್ರೂವ್‌ಗೆ ಎದುರಾಗಿರಬೇಕಾದ ರಂಧ್ರ ಬುಡದ ಕೆಳಗೆ ಬಿದ್ದಿದ್ದರೆ ಯಾವ ಬಿಸಿಯಲ್ಲೂ ಇದು ಸರಿಹೋಗದು. ಒಂದೇ ಬದಿ ತುಂಬುತ್ತಿದ್ದರೆ ಡೈಯ ರಂಧ್ರವೊಂದು ಕಟ್ಟಿದೆ, ತೆಗೆದು ತಂತಿಯಿಂದ ಬಿಡಿಸಿ.

ಹೊಸ ಲೂಬ್ ಕಡ್ಡಿ ಹಾಕಿದಾಗ ಸುತ್ತಲೂ ಗಾಳಿ ಸಿಕ್ಕಿಕೊಂಡಿರುತ್ತದೆ. ಲೂಬ್ ಮೆತ್ತಗಾದ ಮೇಲೆ ಒಮ್ಮೆ ಬಿಗಿದು ಆ ಗಾಳಿ ಹೊರಬರುವ ತನಕ ಕೆಲವು ಗುಂಡು ಪಕ್ಕಕ್ಕಿಡಿ.

ಸಣ್ಣ ರೀಮರ್

ಕೆಲಸ ನಿಲ್ಲಿಸುವಾಗ ಸ್ವಿಚ್ ಆರಿಸಿದರಷ್ಟೇ ಸಾಲದು. ಬೀಡು ಬಹಳ ಹೊತ್ತು ಬೆಚ್ಚಗಿರುತ್ತದೆ, ಒತ್ತಡ ಉಳಿದಿದ್ದರೆ ಅಷ್ಟು ಹೊತ್ತೂ ಲೂಬ್ ಡೈಯೊಳಗೆ ಉಕ್ಕುತ್ತಲೇ ಇರುತ್ತದೆ. ಬಿಸಿಯಿರುವಾಗಲೇ ಸ್ಕ್ರೂವನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿ. ಈ ಮೇಜಿನ ಮೇಲೆ ಸಿಡಿಮದ್ದಿನ ಡಬ್ಬಿ, ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ಯಾವುದೂ ಇರಬಾರದು. ಬಿಸಿ ಲೂಬ್ ಕೈಗೆ ಅಂಟಿದಾಗ ಸೀಸವೂ ಅದರ ಜೊತೆ ಬರುತ್ತದೆ, ಬಟ್ಟೆಯಲ್ಲಿ ಒರೆಸಿ ಬಿಡದೆ ಸೋಪು ಹಚ್ಚಿ ತೊಳೆಯಿರಿ.