ಪಾಲಿಶ್ ಪುಡಿಯದಲ್ಲ, ತೊಳೆಯುವುದರ ತೊಂದರೆ: ಅತ್ತಿಗೆಗೆ ಉತ್ತರ

ಅತ್ತಿಗೆ, ನಿನ್ನೆ ರಾತ್ರಿ ನೀವು ಗುಂಪಿಗೆ ಕಳಿಸಿದ ಚಿತ್ರಗಳನ್ನು ಬೆಳಿಗ್ಗೆ ಸಾವಧಾನವಾಗಿ ನೋಡಿದೆ. ಉತ್ತರ ದೀರ್ಘವಾಗುತ್ತದೆ, ಬಿಡುವಾದಾಗ ಕೇಳಿಸಿಕೊಳ್ಳಿ. ಐದು ವಾರ ಟಂಬ್ಲರ್ (ಕಲ್ಲುಗಳನ್ನು ತಿರುಗಿಸಿ ಉಜ್ಜಿ ಹೊಳಪು ಕೊಡುವ ಯಂತ್ರ) ತಿರುಗಿಸಿ, ಒರಟು ಪುಡಿಯಿಂದ ಪಾಲಿಶ್‌ವರೆಗಿನ ನಾಲ್ಕೂ ಹಂತ ಮುಗಿಸಿದ ಮೇಲೂ ಅಗೇಟ್ ಮತ್ತು ಜ್ಯಾಸ್ಪರ್ ಎಂಬ ಬಣ್ಣದ ಕಲ್ಲುಗಳು ಮಂಕಾಗಿಯೇ ಇವೆ, ಮೈಮೇಲೆ ಕೂದಲೆಳೆಯಂತಹ ಗೀರುಗಳಿವೆ, ಪಾಲಿಶ್ ಪುಡಿ ಕಳಪೆಯೇನೋ, ಬೇರೆಯದನ್ನು ತರಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ತರಿಸಬೇಡಿ. ಮೂರನೆಯ ಹಂತ ಮುಗಿದಾಗ ಕಲ್ಲುಗಳನ್ನು ಒಣಗಿಸಿ ನೋಡಿದ್ದೆ, ಆಗ ಗೀರು ಇರಲಿಲ್ಲ ಎಂದೂ, ಪ್ರತಿ ಸಲ ಜರಡಿಯಲ್ಲಿ ಹಾಕಿ ನಲ್ಲಿಯ ಕೆಳಗೆ ಐದು ನಿಮಿಷ ತೊಳೆದೆ ಎಂದೂ ನೀವೇ ಬರೆದಿದ್ದೀರಿ. ಇಲ್ಲದಿದ್ದ ಗೀರು ಪಾಲಿಶ್ ಹಂತದಲ್ಲಿ ಹುಟ್ಟಿಕೊಂಡಿದೆ ಎಂದರೆ, ಹಿಂದಿನ ಹಂತಗಳ ಒರಟು ಗ್ರಿಟ್, ಅಂದರೆ ಕಲ್ಲು ಉಜ್ಜುವ ಗಡಸು ಪುಡಿ, ಎಲ್ಲೋ ಉಳಿದು ಒಳಗೆ ಸೇರಿದೆ ಎಂದೇ ನನ್ನ ಬಲವಾದ ಅನುಮಾನ.

ಮೊದಲ ಹಂತದ 60/90 ಗ್ರಿಟ್‌ನಲ್ಲಿ ದೊಡ್ಡ ಕಣ ಸುಮಾರು ಕಾಲು ಮಿಲಿಮೀಟರ್ ಇರುತ್ತದೆ (ಈ ಸಂಖ್ಯೆ ಹೆಚ್ಚಾದಷ್ಟೂ ಕಣ ಸಣ್ಣದು). ಪಾಲಿಶ್ ಪುಡಿಯ ಕಣ ಒಂದೆರಡು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ), ಅಂದರೆ ಅದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಸಣ್ಣದು. ಗ್ರಿಟ್ ಆಗಿ ಬಳಸುವ ಸಿಲಿಕಾನ್ ಕಾರ್ಬೈಡ್‌ನ ಗಡಸುತನ 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ 9ಕ್ಕಿಂತ ಹೆಚ್ಚು, ಅಗೇಟ್‌ನದು 7ರ ಆಸುಪಾಸು. ಹಾಗಾಗಿ ಒಂದು ವಾರ ತಿರುಗುವ ಬ್ಯಾರೆಲ್‌ನಲ್ಲಿ (ಕಲ್ಲು ತುಂಬುವ ಡಬ್ಬಿಯಲ್ಲಿ) ಇಂತಹ ನಾಲ್ಕಾರು ಕಣಗಳಿದ್ದರೂ ಸಾಕು, ಎಲ್ಲ ಕಲ್ಲುಗಳ ಮೈಯನ್ನೂ ಅವು ಗೀಚಿಬಿಡುತ್ತವೆ. ಇಡೀ ವಾರ ತಿರುಗುವಾಗ ಗ್ರಿಟ್ ತಾನೇ ಸವೆದು ನುಣ್ಣಗಾಗುವುದಿಲ್ಲವೇ ಎಂದು ನಿಮಗೆ ಅನ್ನಿಸಬಹುದು. ಕಲ್ಲುಗಳ ನಡುವೆ ಸಿಕ್ಕಿ ಅರೆದುಹೋಗುವ ಕಣಗಳು ಖಂಡಿತ ಸವೆಯುತ್ತವೆ. ಆದರೆ ಬಿರುಕಿನ ಒಳಗೋ ಕುಳಿಯ ತಳದಲ್ಲೋ ಹೊಕ್ಕು ಕುಳಿತ ಕಣಕ್ಕೆ ಆ ಅರೆತ ತಾಗುವುದೇ ಇಲ್ಲ. ಅದು ಮೊದಲ ದಿನದ ಮೊನಚಿನಲ್ಲೇ ಅಲ್ಲಿ ಉಳಿದು, ಮುಂದಿನ ಹಂತಗಳಲ್ಲಿ ಕಲ್ಲು ಸವೆದು ಬಿರುಕಿನ ಬಾಯಿ ಅಗಲವಾದಾಗ ಹೊರಗೆ ಬೀಳುತ್ತದೆ. ನಲ್ಲಿಯ ನೀರು ಹೊರಮೈಯನ್ನು ತೊಳೆಯುತ್ತದೆಯೇ ಹೊರತು ಇಂತಹ ಕಣವನ್ನು ತೆಗೆಯುವುದಿಲ್ಲ.

ಆದ್ದರಿಂದ ಬ್ಯಾರೆಲ್ ತೆರೆದ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ತೆರೆದ ಕೂಡಲೇ ತೊಳೆಯಬೇಕು, ಏಕೆಂದರೆ ಒಳಗಿನ ಕೆಸರು ಸಂದುಗಳಲ್ಲಿ ಒಣಗಿದರೆ ಗಟ್ಟಿಯಾಗಿ ಕಚ್ಚಿಕೊಂಡು, ಆಮೇಲೆ ಬ್ರಷ್‌ಗೂ ಬಗ್ಗುವುದಿಲ್ಲ. ಬಕೆಟ್‌ನ ಮೇಲೆ ಜರಡಿ ಇಟ್ಟು ಎಲ್ಲವನ್ನೂ ಅದಕ್ಕೆ ಸುರಿದು, ನೀರು ತಿಳಿಯಾಗುವವರೆಗೆ ಅಲುಗಾಡಿಸಿ ತೊಳೆಯಿರಿ. ನೀವು ಈವರೆಗೆ ಮಾಡಿರುವುದು ಇಷ್ಟೇ. ಇನ್ನು ಮುಂದೆ ಒಂದೊಂದೇ ಕಲ್ಲನ್ನು ಕೈಗೆತ್ತಿಕೊಂಡು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸುತ್ತಲೂ ಉಜ್ಜಿ, ಕುಳಿ ಕಂಡಲ್ಲಿ ಮರದ ಕಡ್ಡಿಯಿಂದ ಕೆದಕಿ, ನಂತರ ಒಣಬಟ್ಟೆಯ ಮೇಲೆ ಹರಡಿ. ಒದ್ದೆ ಕಲ್ಲು ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ. ಪೂರ್ತಿ ಒಣಗಿದ ಮೇಲೆ ಒಳ್ಳೆಯ ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿ ಹಿಡಿದು ನೋಡಿದರೆ ಬಿರುಕುಗಳಲ್ಲಿ ಉಳಿದ ಬೂದು ಗೆರೆ ತಾನಾಗಿ ಕಾಣುತ್ತದೆ. ಎಷ್ಟು ಉಜ್ಜಿದರೂ ಆ ಗೆರೆ ಹೋಗದ ಕಲ್ಲನ್ನು ಮುಂದಿನ ಹಂತಕ್ಕೆ ಹಾಕಲೇಬೇಡಿ. ಎಷ್ಟೇ ಅಂದವಾಗಿದ್ದರೂ ಎತ್ತಿಟ್ಟು, ಮುಂದಿನ ಸಲ ಒರಟು ಹಂತದಲ್ಲೇ ಮತ್ತೆ ತಿರುಗಿಸಿ, ಬಿರುಕು ಸವೆದು ಮಾಯವಾದ ಮೇಲೆ ಮುಂದಕ್ಕೆ ಬಿಡಿ. ಇದರಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಕಷ್ಟವೆಂದು ನನಗೆ ಗೊತ್ತು.

ಕಲ್ಲಿಗಿಂತ ಹೆಚ್ಚು ಮೋಸ ಮಾಡುವುದು ಬ್ಯಾರೆಲ್. ನನ್ನ ಒಂದು ಇಡೀ ಸುತ್ತು ಹಾಳಾದದ್ದು ಮುಚ್ಚಳದಿಂದ: ಒಳಮೈಯನ್ನೆಲ್ಲ ಉಜ್ಜಿ ತೊಳೆದಿದ್ದೆ, ಆದರೆ ಮುಚ್ಚಳ ಕೂರುವ ಅಂಚಿನ ಸಣ್ಣ ಸಂದಿನಲ್ಲಿ ಬಳೆಯಂತೆ ಸುತ್ತಲೂ ಕೆಸರು ಉಳಿದಿದ್ದನ್ನು ಗಮನಿಸಿರಲಿಲ್ಲ. ಮುಚ್ಚಳದ ಎರಡೂ ಬದಿ, ಅಂಚು, ವಾಷರ್, ಬ್ಯಾರೆಲ್‌ನ ಹೊರಮೈ, ಎಲ್ಲಕ್ಕೂ ಬ್ರಷ್ ತಾಗಬೇಕು. ಕಲ್ಲುಗಳ ನಡುವೆ ಮೆತ್ತೆಯಾಗಿ ಹಾಕುವ ಪ್ಲಾಸ್ಟಿಕ್ ಗುಂಡುಗಳಲ್ಲಿ ಗ್ರಿಟ್ ಚುಚ್ಚಿಕೊಳ್ಳುವುದರಿಂದ ಅವನ್ನು ಹಂತಕ್ಕೊಂದು ಚೀಲದಂತೆ ಬೇರೆಬೇರೆ ಇಡಿ, ಒಂದರದು ಇನ್ನೊಂದಕ್ಕೆ ಬೇಡ. ಪುಡಿ ಅಳೆಯುವ ಚಮಚಕ್ಕೂ ಇದೇ ಮಾತು. ಸಾಧ್ಯವಾದರೆ ಪಾಲಿಶ್‌ಗೆಂದೇ ಒಂದು ಬ್ಯಾರೆಲ್ ಮೀಸಲಿಡಿ. ಹೊಸ ಪುಡಿಗೆ ಕೊಡುವ ಹಣ ಇದಕ್ಕೆ ಹೋದರೆ ಸಾರ್ಥಕ.

ಇಷ್ಟಾದ ಮೇಲೆ, ಪಾಲಿಶ್‌ಗೆ ಮುನ್ನ ಸೋಪಿನ ಸುತ್ತು ತಪ್ಪಿಸಬೇಡಿ. ತೊಳೆದ ಬ್ಯಾರೆಲ್‌ಗೆ ಕಲ್ಲುಗಳನ್ನು ಹಾಕಿ, ಅವು ಮುಳುಗುವಷ್ಟು ನೀರು ಬಿಟ್ಟು, ಸಾದಾ ಸೋಪನ್ನು ತುರಿದು ಒಂದೆರಡು ಚಮಚ ಸೇರಿಸಿ, ಗ್ರಿಟ್ ಏನನ್ನೂ ಹಾಕದೆ ಕೆಲವು ಗಂಟೆ ತಿರುಗಿಸಿ. ಹೊರಬರುವ ನೀರು ಬೂದು ಬಣ್ಣಕ್ಕೆ ತಿರುಗಿದ್ದರೆ ಇನ್ನೂ ಕೊಳೆ ಇದೆ ಎಂದರ್ಥ, ಮತ್ತೊಮ್ಮೆ ಮಾಡಿ. ಕೊನೆಗೆ ನೊರೆ ಒಂದಿಷ್ಟೂ ಉಳಿಯದಂತೆ ಜಾಲಿಸಬೇಕು, ಏಕೆಂದರೆ ನೊರೆ ಕಲ್ಲುಗಳ ನಡುವೆ ಮೆತ್ತೆಯಂತೆ ನಿಂತು ಮುಂದಿನ ಪುಡಿಯ ಕೆಲಸವನ್ನು ಕುಗ್ಗಿಸುತ್ತದೆ.

ಆ ಕೆಸರುನೀರನ್ನು ಮಾತ್ರ ಸಿಂಕಿಗೆ ಸುರಿಯಬೇಡಿ. ಅದು ಕೊಳವೆಯ ಬಾಗಿನಲ್ಲಿ ತಂಗಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಬಕೆಟ್‌ನಲ್ಲೇ ಒಂದು ರಾತ್ರಿ ಬಿಟ್ಟು ಮೇಲಿನ ತಿಳಿನೀರನ್ನು ಮಣ್ಣಿಗೆ ಹೊಯ್ದು, ತಳದ ಕೆಸರನ್ನು ಒದ್ದೆಯಿರುವಾಗಲೇ ಚೀಲಕ್ಕೆ ಕಟ್ಟಿ ಕಸಕ್ಕೆ ಹಾಕಿ. ಒಣಗಿ ಪುಡಿಯಾದರೆ ಅದರಲ್ಲಿ ಸಿಲಿಕಾ ಧೂಳು ಇರುತ್ತದೆ, ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಹಾನಿ. ಆದ್ದರಿಂದ ಚೆಲ್ಲಿದ್ದನ್ನು ಗುಡಿಸದೆ ಒದ್ದೆಬಟ್ಟೆಯಿಂದಲೇ ಒರೆಸಿ.

ಈಗಿರುವ ಕಲ್ಲುಗಳ ವಿಷಯ. ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಬಳಸಿದ ಪಾಲಿಶ್ ಕೆಸರನ್ನು ಉಳಿಸಿಕೊಳ್ಳದೆ ಎಸೆದು, ಹೇಳಿದಂತೆ ಎಲ್ಲವನ್ನೂ ತೊಳೆದು, ಒಣಗಿದ ಕಲ್ಲಿನ ಮೇಲೆ ಉಗುರು ಎಳೆದು ನೋಡಿ. ಗೀರಿಗೆ ಉಗುರು ತಗುಲಿದರೆ ಎರಡನೆಯ ಹಂತದ 120/220 ಗ್ರಿಟ್‌ಗೆ, ತಗುಲದೆ ಕಣ್ಣಿಗಷ್ಟೇ ಕಂಡರೆ ಮೂರನೆಯ ಹಂತದ 500 ಗ್ರಿಟ್‌ಗೆ ಹಿಂತಿರುಗಿ. ಮೂರನೆಯ ಚಿತ್ರದಲ್ಲಿ ಎಡಗಡೆ ಇರುವ ಕೆಂಪು ಜ್ಯಾಸ್ಪರ್‌ನ ಬದಿಯಲ್ಲಿ ನನಗೆ ಒಂದು ಬಿರುಕು ಕಾಣುತ್ತಿದೆ. ಅದನ್ನು ಒಣಗಿಸಿ ಹತ್ತಿರದಿಂದ ಚಿತ್ರ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅದನ್ನು ಉಳಿದವುಗಳ ಜೊತೆ ಸೇರಿಸಬೇಡಿ.