ಟ್ಯಾಂಕಿನೊಳಗಿನ ತುಕ್ಕು: ಎಷ್ಟು ತೊಳೆದರೂ ಜೆಟ್ ಕಟ್ಟಿಕೊಳ್ಳುತ್ತಿದೆ

ಸಾಗರದ ಸವಾರ:
ಎಲ್ಲರಿಗೂ ನಮಸ್ಕಾರ. ನನ್ನ ಗಾಡಿಯ ಪೆಟ್ರೋಲ್ ಟ್ಯಾಂಕಿನೊಳಗೆ ತುಕ್ಕು ಹಿಡಿದಿದ್ದರಿಂದ ಟ್ಯಾಂಕನ್ನು ಕೆಳಗಿಳಿಸಿ, ಸಿಟ್ರಿಕ್ ಆಸಿಡ್ ಪುಡಿ ಕರಗಿಸಿದ ಬಿಸಿನೀರು ತುಂಬಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ಬಿಸಿಲಿಗಿಟ್ಟು ಒಣಗಿಸಿದ್ದಾಯಿತು. ಆದರೂ ಊರು ದಾಟುವಷ್ಟರಲ್ಲಿ ಗಾಡಿ ಮುಕ್ಕರಿಸಿ ನಿಂತುಬಿಡುತ್ತದೆ. ಕಾರ್ಬೊರೇಟರ್ ಬಿಚ್ಚಿ ನೋಡಿದರೆ ಬೌಲಿನ ತಳದಲ್ಲಿ ಕೆಂಪು ಕಸ, ಎಂಜಿನ್ನಿಗೆ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ಟಿನ ತೂತಿನಲ್ಲಿಯೂ ಅದೇ ಕಸ. ಮೆಕ್ಯಾನಿಕ್ ಹೊಸ ಟ್ಯಾಂಕ್ ಹಾಕಿಸಿ ಎಂದು ಕೈ ತೊಳೆದುಕೊಂಡಿದ್ದಾರೆ. ಹೊಸ ಟ್ಯಾಂಕಿನ ಸಲಹೆಯೊಂದನ್ನು ಬಿಟ್ಟು ಬೇರೆ ಏನಾದರೂ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ಹಳೇ ಚೈನು:
ಇದಕ್ಕೆಲ್ಲ ಮೂಲ ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಅದನ್ನು ಬಿಡುಗಡೆ ಮಾಡಿದಾಗಲೇ ಹಳೆಯ ಗಾಡಿಗಳ ಗತಿಯೇನು ಎಂದು ಕೇಳಿದವರು ನಾವು. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ನೀರಿನ ಪ್ರಮಾಣ ಮಿತಿ ಮೀರಿದಾಗ ನೀರು, ಎಥನಾಲ್ ಎರಡೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಗಾಡಿಯನ್ನು ನಿಲ್ಲಿಸಿಟ್ಟರೆ ತುಕ್ಕು ಬಾರದೆ ಇನ್ನೇನಾದೀತು? ಟ್ಯಾಂಕನ್ನು ಸದಾ ತುಂಬಿಸಿಡಿ.

ಆರ್‌ಎಕ್ಸ್ ಪ್ರಿಯ:
ಸಿಟ್ರಿಕ್ ಆಸಿಡ್ ನಿಧಾನದ ಕೆಲಸ. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿ ಅರ್ಧ ಗಂಟೆ ಅಲ್ಲಾಡಿಸಿದರೆ ಟ್ಯಾಂಕ್ ಬೆಳ್ಳಿಯಂತಾಗುತ್ತದೆ. ನನ್ನ ಎರಡೂ ಆರ್‌ಎಕ್ಸ್ 100 ಗಾಡಿಗಳ ಟ್ಯಾಂಕನ್ನು ಹಾಗೆಯೇ ತೊಳೆದಿದ್ದೇನೆ. ಎರಡೂ ಇಂದಿಗೂ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತವೆ.

ಗ್ಯಾರೇಜಿನ ಮೂಲೆ:
ಆರ್‌ಎಕ್ಸ್ ಪ್ರಿಯ ಅವರೇ, ದಯವಿಟ್ಟು ಅಂಥ ಸಲಹೆ ಕೊಡಬೇಡಿ. ಅದು ಹೈಡ್ರೋಕ್ಲೋರಿಕ್ ಆಸಿಡ್. ತುಕ್ಕು ಮುಗಿದ ಮೇಲೆ ಅದು ಒಳ್ಳೆಯ ತಗಡನ್ನೂ ತಿನ್ನತೊಡಗುತ್ತದೆ. ಜೋಡಣೆಯ ಸಂದಿಗಳಲ್ಲಿ ಅದರ ಅಂಶ ಸ್ವಲ್ಪ ಉಳಿದರೂ ತೊಳೆದ ಟ್ಯಾಂಕು ಒಣಗುವ ಮುನ್ನವೇ ಮತ್ತೆ ಕೆಂಪಗಾಗುತ್ತದೆ. ಸವಾರರು ಮಾಡಿದ ವಿಧಾನದಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಗಾಡಿ ಯಾವುದು, ಲೀಟರಿಗೆ ಎಷ್ಟು ಗ್ರಾಂ ಪುಡಿ ಹಾಕಿದಿರಿ, ಟ್ಯಾಂಕಿನ ಅಡಿಯ ಪೆಟ್ರೋಲ್ ಕಾಕ್ (ನಲ್ಲಿ) ಬಿಚ್ಚಿ ಅದರ ಜಾಲರಿಯನ್ನು ನೋಡಿದಿರಾ ಎಂಬುದನ್ನು ಬರೆಯದಿದ್ದರೆ ನಾವು ಊಹೆಯ ಮೇಲೆ ಊಹೆ ಮಾಡುತ್ತಾ ಕೂರಬೇಕಾಗುತ್ತದೆ.

ಸಾಗರದ ಸವಾರ:
ಡಬಲ್ ಸೈಲೆನ್ಸರ್ ಗಾಡಿ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ: ಯೆಜ್ಡಿ ರೋಡ್‌ಕಿಂಗ್, ಮೈಸೂರಿನ ಫ್ಯಾಕ್ಟರಿ ಮುಚ್ಚುವ ಕೆಲವು ವರ್ಷಗಳ ಹಿಂದಿನದು. ಲೀಟರಿಗೆ 60 ಗ್ರಾಂ ಹಾಕಿದ್ದೆ. ಕಾಕಿನ ಜಾಲರಿ ಹರಿದಿತ್ತು, ತೆಗೆದು ಎಸೆದಿದ್ದೇನೆ.

ಹಳೇ ಚೈನು:
ಡಬಲ್ ಸೈಲೆನ್ಸರ್ ಎಂದು ನೀವು ಈ ಮೊದಲು ಎಲ್ಲಿಯೂ ಬರೆದಿಲ್ಲ, ಸ್ವಾಮಿ. ಇರಲಿ. ರೋಡ್‌ಕಿಂಗ್ ಆದರೆ ಪೆಟ್ರೋಲಿಗೇ 2ಟಿ ಎಣ್ಣೆ (ಟೂ-ಸ್ಟ್ರೋಕ್ ಎಂಜಿನ್ ಎಣ್ಣೆ) ಬೆರೆಸುವ ಗಾಡಿ. ಲೀಟರಿಗೆ 30–40 ಮಿಲಿಲೀಟರ್ ಎಣ್ಣೆಯಿದ್ದರೂ ತುಕ್ಕು ಬಂದಿದೆಯೆಂದರೆ ಎಥನಾಲಿನ ಕಾಟ ಎಷ್ಟಿರಬೇಕೆಂದು ನೀವೇ ಯೋಚಿಸಿ.

ಗ್ಯಾರೇಜಿನ ಮೂಲೆ:
ಎಥನಾಲಿನಿಂದ ತುಕ್ಕು ಬರುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅದು ತಿಂಗಳುಗಟ್ಟಲೆ ನಡೆಯುವ ಕೆಲಸ. ಆಸಿಡ್‌ನಲ್ಲಿ ತೊಳೆದು ಹೊಸ ಪೆಟ್ರೋಲ್ ಹಾಕಿದ ಗಾಡಿ ಊರು ದಾಟುವುದರೊಳಗೆ ಜೆಟ್ ಕಟ್ಟಿಕೊಳ್ಳುವಷ್ಟು ತುಕ್ಕನ್ನು ಅದು ಹುಟ್ಟಿಸಲಾರದು. ತೊಳೆದ ತಗಡಿನ ಮೇಲೆ ಕೂಡಲೇ ಹಿಡಿಯುವ ತೆಳು ತುಕ್ಕು ಹೊಗೆಪುಡಿಯಷ್ಟು ನುಣುಪಾಗಿರುತ್ತದೆ, ಚೂರಾಗಿ ಉದುರುವುದಿಲ್ಲ. ಸವಾರರೇ, ಬೌಲಿನ ಕಸವನ್ನು ಬಿಳಿ ಕಾಗದದ ಮೇಲೆ ಸುರಿದು, ಪೆಟ್ರೋಲ್ ಆರಿದ ಮೇಲೆ ಒಂದೊಂದೇ ಚೂರನ್ನು ಬೆರಳುಗಳ ನಡುವೆ ಉಜ್ಜಿ ನೋಡಿ. ಪುಡಿಯಾಗುತ್ತದೆಯೋ, ಬಾಗುತ್ತದೆಯೋ?

ಕ್ಲಚ್ಚು ತಂತಿ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಷ್ಟೆಲ್ಲ ಕಷ್ಟವೇಕೆ? ಟ್ಯಾಂಕಿಗೆ ವಾಷಿಂಗ್ ಸೋಡಾ ನೀರು ತುಂಬಿ, ಬಾಯಿಯಿಂದ ಒಂದು ಸ್ಟೀಲ್ ಚಮಚವನ್ನು ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ಪ್ಲಸ್ಸನ್ನು ಚಮಚಕ್ಕೂ ಮೈನಸ್ಸನ್ನು ಟ್ಯಾಂಕಿಗೂ ಕೊಟ್ಟರೆ ತುಕ್ಕು ತಾನಾಗಿಯೇ ಬಿಡುತ್ತದೆ.

ಗ್ಯಾರೇಜಿನ ಮೂಲೆ:
ವಿಧಾನ ಸರಿ, ಚಮಚ ಸರಿಯಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಂ ಇರುತ್ತದೆ. ವಿದ್ಯುತ್ ಹಾಯಿಸಿದಾಗ ಅದು ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಆ ಹಳದಿ ನೀರನ್ನು ನೀವು ಚೆಲ್ಲುವುದಾದರೂ ಎಲ್ಲಿಗೆ? ಮನೆ ಕಟ್ಟುವ ಕಬ್ಬಿಣದ ಸರಳಿನ ತುಂಡು ಸಾಕು, ಅದು ಟ್ಯಾಂಕಿಗೆ ತಾಗದಂತೆ ರಬ್ಬರ್ ಬಿರಡೆಯ ನಡುವೆ ನಿಲ್ಲಬೇಕು. ಟ್ಯಾಂಕಿನಿಂದ ಹೈಡ್ರೋಜನ್ ಹೊರಬರುವುದರಿಂದ ಬಯಲಿನಲ್ಲಿಯೇ ಮಾಡಬೇಕು, ಹತ್ತಿರ ಬೀಡಿ ಸಿಗರೇಟು ಬೇಡ. ಇಷ್ಟಾದರೂ ಸರಳಿಗೆ ನೇರವಾಗಿ ಎದುರಾಗದ ಮೂಲೆಗಳಲ್ಲಿ ಈ ವಿಧಾನ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಚಾಸಿಯ ಪೈಪಿನ ಎರಡೂ ಬದಿಗೆ ಇಳಿಬಿದ್ದಿರುವ ಟ್ಯಾಂಕಿನಲ್ಲಿ ಅಂಥ ಮೂಲೆಗಳೇ ಹೆಚ್ಚು.

ಆರ್‌ಎಕ್ಸ್ ಪ್ರಿಯ:
ಹಾಗಾದರೆ ಒಳಗೆ ಹಳೆಯ ಸೈಕಲ್ ಚೈನ್ ಹಾಕಿ ಕುಲುಕುವುದೇ ಮೇಲು. ನಟ್ಟು ಬೋಲ್ಟು ಹಾಕಿದವರು ಹಾಕಿದ್ದೆಷ್ಟು, ತೆಗೆದದ್ದೆಷ್ಟು ಎಂದು ಲೆಕ್ಕ ತಪ್ಪುತ್ತಾರೆ. ಚೈನಾದರೆ ಬಾಲ ಹಿಡಿದು ಎಳೆದರೆ ಪೂರ್ತಿ ಹೊರಬರುತ್ತದೆ.

ಸಾಗರದ ಸವಾರ:
ಉಜ್ಜಿ ನೋಡಿದೆ. ಕೆಲವು ಚೂರುಗಳು ಪುಡಿಯಾಗುತ್ತವೆ, ಹೆಚ್ಚಿನವು ಆಗುವುದಿಲ್ಲ. ಕತ್ತರಿಸಿದ ಉಗುರಿನ ಹಾಗೆ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತವೆ. ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ಜೇನಿನ ಬಣ್ಣದಲ್ಲಿ ನುಣ್ಣಗಿದೆ. ಸ್ಪೀಕರಿನ ಅಯಸ್ಕಾಂತ ಹಿಡಿದರೂ ಅಂಟಲಿಲ್ಲ.

ಗ್ಯಾರೇಜಿನ ಮೂಲೆ:
ಈ ಟ್ಯಾಂಕಿಗೆ ಯಾರಾದರೂ ಒಳಗಿನಿಂದ ಕೋಟಿಂಗ್ ಹಾಕಿಸಿದ್ದರೇ?

ಸಾಗರದ ಸವಾರ:
ಹಿಂದಿನ ಮಾಲೀಕರು ಸಣ್ಣ ಸೋರಿಕೆ ನಿಲ್ಲಿಸಲು ಏನನ್ನೋ ಸುರಿಸಿದ್ದರಂತೆ. ಅದು ಸೋರಿಕೆಯ ವಿಷಯ, ಪ್ರಶ್ನೆಯಿರುವುದು ತುಕ್ಕಿನ ಬಗ್ಗೆ, ಹಾಗಾಗಿ ಬರೆಯಲಿಲ್ಲ.

ಗ್ಯಾರೇಜಿನ ಮೂಲೆ:
ಎರಡೂ ಒಂದೇ ವಿಷಯ. ತುಕ್ಕನ್ನು ಪೂರ್ತಿ ತೆಗೆಯದೆ, ಎಣ್ಣೆಯ ಜಿಡ್ಡನ್ನೂ ತೊಳೆಯದೆ ಅದರ ಮೇಲೆಯೇ ಕೋಟಿಂಗ್ ಸುರಿದಿದ್ದಾರೆ. ಅಡಿಯಲ್ಲಿ ತುಕ್ಕು ಬೆಳೆಯುತ್ತಾ ಹೋಗಿ ಮೇಲಿನ ಪೊರೆಯನ್ನು ಎಬ್ಬಿಸಿದೆ. ನಿಮ್ಮ ಸಿಟ್ರಿಕ್ ಆಸಿಡ್ ಪೊರೆಯ ಮೇಲೆ ಕೆಲಸ ಮಾಡಲಾರದು. ಬಿರುಕಿನಲ್ಲಿ ನುಸುಳಿ ಅಂಚುಗಳ ತುಕ್ಕನ್ನಷ್ಟೇ ಕರಗಿಸಿ, ಪೊರೆ ಇನ್ನಷ್ಟು ಸಡಿಲವಾಗುವಂತೆ ಮಾಡಿದೆ. ತೊಳೆದ ಮೇಲೆ ಕಸ ಹೆಚ್ಚಾಗಿರುವುದು ಅದಕ್ಕೇ. ಚೈನ್ ಹಾಕಿ ಕುಲುಕಿದರೂ ಸಡಿಲವಾದದ್ದು ಬೀಳುತ್ತದೆ, ಗಟ್ಟಿಯಾಗಿ ಅಂಟಿದ್ದು ಮುಂದಿನ ಮಳೆಗಾಲಕ್ಕೆ ಕಾಯುತ್ತದೆ.

ಹಳೇ ಚೈನು:
ಆ ಪೊರೆಯನ್ನು ಎಬ್ಬಿಸಿದ್ದು ಎಥನಾಲ್ ಎಂದು ನಾನು ಹೇಳಿದರೆ? ಹಳೆಯ ಕಾಲದ ಎಷ್ಟೋ ಕೋಟಿಂಗ್‌ಗಳು ಎಥನಾಲ್ ತಾಗಿದರೆ ಮೆತ್ತಗಾಗುತ್ತವೆ.

ಗ್ಯಾರೇಜಿನ ಮೂಲೆ:
ಅದನ್ನು ಒಪ್ಪುತ್ತೇನೆ. ಆದರೆ ಕಾರಣ ಯಾವುದಾದರೂ ಪೊರೆಯನ್ನು ಪೂರ್ತಿ ತೆಗೆಯಲೇಬೇಕು. ಮೊದಲು ಒಂದು ಚೂರನ್ನು ಅಸಿಟೋನಿನಲ್ಲಿ ನೆನೆಹಾಕಿ ನೋಡಿ. ಮೆತ್ತಗಾದರೆ ಅದನ್ನೇ ಟ್ಯಾಂಕಿಗೆ ಹಾಕಬಹುದು, ಆಗದಿದ್ದರೆ ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ಬೇಕಾಗುತ್ತದೆ. ಎರಡೂ ಹೊರಗಿನ ಬಣ್ಣಕ್ಕೆ ಶತ್ರುಗಳು, ಆದ್ದರಿಂದ ಬಾಯಿಯ ಸುತ್ತ ಗ್ರೀಸ್ ಬಳಿದು ಪ್ಲಾಸ್ಟಿಕ್ ಸುತ್ತಿ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು, ಗಾಳಿಯಾಡುವ ಕಡೆ ಕೂತು ಮಾಡಿ. ಪೊರೆ ಹೋದ ಮೇಲೆ ನೀವು ಮೊದಲು ಮಾಡಿದ ಸಿಟ್ರಿಕ್ ಆಸಿಡ್ ಕೆಲಸವನ್ನೇ ಮತ್ತೊಮ್ಮೆ ಮಾಡಿ. ಕೊನೆಯಲ್ಲಿ ಬಿಸಿಲನ್ನು ನಂಬಿಕೊಂಡು ಕೂರಬೇಡಿ, ಹೇರ್ ಡ್ರೈಯರಿನ ಬಿಸಿಗಾಳಿ ಬಿಟ್ಟು ಬೇಗ ಒಣಗಿಸಿ, ಕೂಡಲೇ 2ಟಿ ಎಣ್ಣೆ ಸುರಿದು ಎಲ್ಲ ಮೂಲೆಗೂ ತಾಗುವಂತೆ ತಿರುಗಿಸಿ. ಕಾಕಿಗೆ ಹೊಸ ಜಾಲರಿ ಹಾಕಿಸಿ. ಪೆಟ್ರೋಲ್ ಪಂಪ್ ಇರುವ ಗಾಡಿಗಳ ಕಾಗದದ ಫಿಲ್ಟರನ್ನು ಪೈಪಿಗೆ ಸಿಕ್ಕಿಸಬೇಡಿ. ಟ್ಯಾಂಕಿನಿಂದ ತಾನಾಗಿ ಇಳಿಯುವ ಪೆಟ್ರೋಲ್ ಅದನ್ನು ಸಾಕಷ್ಟು ವೇಗವಾಗಿ ದಾಟಲಾರದು.

ಸಾಗರದ ಸವಾರ:
ಅಸಿಟೋನಿಗೆ ಬಗ್ಗಲಿಲ್ಲ, ರಿಮೂವರಿಗೆ ಬಗ್ಗಿತು. ಹಾವು ಬಿಟ್ಟ ಪೊರೆಯ ಹಾಗೆ ಅಂಗೈಯಗಲದ ತುಂಡುಗಳು ಹೊರಬಂದವು. ಈಗ ತಗಡು ಬೂದು ಬಣ್ಣದಲ್ಲಿ ಕಾಣುತ್ತಿದೆ. ಆದರೆ ನೀರು ತುಂಬಿದಾಗ ಕಾಕಿನ ಪಕ್ಕದ ಜೋಡಣೆಯಲ್ಲಿ ಸೂಜಿಮೊನೆಯಷ್ಟು ಮೂರು ತೂತುಗಳು ಕಂಡವು. ಪಕ್ಕದ ವೆಲ್ಡಿಂಗ್ ಅಂಗಡಿಯವರು ಈಗಲೇ ಮುಚ್ಚಿಕೊಡುತ್ತೇನೆ ಎನ್ನುತ್ತಿದ್ದಾರೆ.

ಗ್ಯಾರೇಜಿನ ಮೂಲೆ:
ದಯವಿಟ್ಟು ಬೇಡ. ತೊಳೆದ ಟ್ಯಾಂಕಿನ ಸಂದಿಯಲ್ಲೂ ಪೆಟ್ರೋಲಿನ ಆವಿ ಉಳಿದಿರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಅಷ್ಟು ತೆಳುವಾದ ತಗಡಿಗೆ ವೆಲ್ಡಿಂಗ್ ಶಾಖ ಕೊಟ್ಟರೆ ಮೂರು ತೂತು ಹತ್ತಾಗಬಹುದು. ರೇಡಿಯೇಟರ್ ರಿಪೇರಿ ಮಾಡುವವರ ಬಳಿ ಒಯ್ದು ಸಾಲ್ಡರ್ ಹಾಕಿಸಿ; ತೂತಿನ ಹತ್ತಿರದವರೆಗೂ ಒಳಗೆ ನೀರು ತುಂಬಿರಬೇಕೆಂದು ಮೊದಲೇ ಹೇಳಿ.

ಆರ್‌ಎಕ್ಸ್ ಪ್ರಿಯ:
ಎಪಾಕ್ಸಿ ಅಂಟು ಹಚ್ಚಿದರೂ ನಿಲ್ಲುತ್ತದೆ. ನನ್ನ ಎರಡನೇ ಗಾಡಿಯಲ್ಲಿ ನಿಂತಿದೆ.

ಗ್ಯಾರೇಜಿನ ಮೂಲೆ:
ಆಸಿಡ್‌ನಿಂದ ಬೆಳ್ಳಿಯಂತಾದ ಟ್ಯಾಂಕಿಗೆ ಎಪಾಕ್ಸಿ ಏಕೆ ಬೇಕಾಯಿತು ಎಂಬುದನ್ನೂ ಬರೆಯಿರಿ.

ಸಾಗರದ ಸವಾರ:
ಟ್ಯಾಂಕನ್ನು ಶಿವಮೊಗ್ಗದ ರೇಡಿಯೇಟರ್ ಅಂಗಡಿಗೆ ಕೊಟ್ಟಿದ್ದೇನೆ. ಸೋಮವಾರ ಸಿಗುತ್ತದೆಯಂತೆ. ಸಾಲ್ಡರ್ ಹಾಕಿದ ಮೇಲೆ ಮತ್ತೆ ಸಿಟ್ರಿಕ್ ಆಸಿಡ್ ತುಂಬಿದರೆ ಅದು ಸಾಲ್ಡರಿಗೆ ತೊಂದರೆ ಕೊಡುತ್ತದೆಯೇ, ಅಥವಾ ಆ ಕೆಲಸವನ್ನು ಮೊದಲೇ ಮುಗಿಸಿ ಕೊಡಬೇಕಿತ್ತೇ?

ಗ್ಯಾರೇಜಿನ ಮೂಲೆ:
ಮೊದಲೇ ಮುಗಿಸಿದ್ದರೆ ಒಳ್ಳೆಯದಿತ್ತು, ತುಕ್ಕಿಲ್ಲದ ತಗಡಿಗೇ ಸಾಲ್ಡರ್ ಚೆನ್ನಾಗಿ ಹಿಡಿಯುವುದು. ಅಂಗಡಿಗೆ ಫೋನ್ ಮಾಡಿ, ಇನ್ನೂ ಕೈ ಹಾಕಿರದಿದ್ದರೆ ಹಿಂದಕ್ಕೆ ತನ್ನಿ.